ಕೊನೆಗೆ ಬರುವವರ ಲೆಕ್ಕ

ಏಪ್ರಿಲ್ ಬಂತೆಂದರೆ ನಮ್ಮ ಜಮಖಂಡಿಯಲ್ಲಿ ಬಿಸಿಲಿನ ಜೊತೆಗೆ ಕ್ರಿಕೆಟ್ ಕಾವೂ ಏರುತ್ತದೆ. ಸಂಜೆ ಏಳೂವರೆಗೆ ಮಗ ಟಿ.ವಿ. ಮುಂದೆ ಕೂತನೆಂದರೆ ಮುಗಿಯಿತು, ಅವನ ತಾಟಿನಲ್ಲಿ ರೊಟ್ಟಿ ಇದೆಯೋ ಇಲ್ಲವೋ ಅವನಿಗೇ ಗೊತ್ತಿರುವುದಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಕಣ್ಣು ಟಿ.ವಿ. ಮೇಲೆ ಇಟ್ಟಿರುತ್ತೇನೆ. ಎಷ್ಟೋ ರೊಟ್ಟಿ ಸೀದು ಹೋಗಿವೆ!

2022ರಲ್ಲಿ ಮಗ ಮೊಬೈಲಿನಲ್ಲಿ ಹೊಸ ಆಟವೊಂದನ್ನು ಹಚ್ಚಿಕೊಂಡ. ಎರಡೂ ತಂಡಗಳಿಂದ ಹನ್ನೊಂದು ಮಂದಿಯನ್ನು ನಾವೇ ಆರಿಸಬೇಕು. ಅವರು ಹೊಡೆದ ರನ್ನಿಗೆ, ಹಿಡಿದ ಕ್ಯಾಚಿಗೆ, ತೆಗೆದ ವಿಕೆಟ್ಟಿಗೆ ಪಾಯಿಂಟು. ನಾವು ಕ್ಯಾಪ್ಟನ್ ಎಂದು ಗುರುತು ಹಾಕಿದವನಿಗೆ ದುಪ್ಪಟ್ಟು. ಸೊನ್ನೆಗೆ ಔಟಾದರೆ ಪಾಯಿಂಟು ಕಡಿತ, ಕ್ಯಾಪ್ಟನ್ ಆಗಿದ್ದರೆ ಆ ಕಡಿತವೂ ದುಪ್ಪಟ್ಟು.

"ದಿನೇಶ್ ಕಾರ್ತಿಕ್‌ನ ತಗೋಳೋ" ಎಂದೆ ನಾನು. 2018ರಲ್ಲಿ ಕೊಲಂಬೋದಲ್ಲಿ ಬಾಂಗ್ಲಾದೇಶದ ಮೇಲೆ ಎಂಟೇ ಚೆಂಡಿಗೆ 29 ರನ್ ಹೊಡೆದು, ಕೊನೆಯ ಚೆಂಡಿಗೆ ಸಿಕ್ಸರ್ ಎತ್ತಿ ಗೆಲ್ಲಿಸಿದನಲ್ಲ, ಆವತ್ತಿನಿಂದ ನನಗೆ ಅವನ ಮೇಲೆ ಪ್ರೀತಿ. ಆ ವರ್ಷ ಅವನು ನಮ್ಮ ಬೆಂಗಳೂರು ತಂಡಕ್ಕೆ ಬಂದಿದ್ದ.

"ಅವ್ವಾ, ನಿನಗ ತಿಳಿಯಂಗಿಲ್ಲ. ಅವಗ ಮೂವತ್ತೇಳು ಆಗಲಿಕ್ಕೆ ಬಂತು. ಬರೋದೂ ಕಡೀಕ. ನಾಕು ಬಾಲ್ ಆಡಿದ್ರ ಪಾಯಿಂಟ್ ಎಲ್ಲಿಂದ ಬರತಾವ?"

ಅವನ ಲೆಕ್ಕ ತಪ್ಪೇನಲ್ಲ. ಮೊದಲು ಬಂದವನಿಗೆ ಇಪ್ಪತ್ತು ಓವರ್ ಕೈಯಲ್ಲಿರುತ್ತವೆ. ಕೊನೆಗೆ ಬಂದವನು ಉಳಿದಿದ್ದರಲ್ಲೇ ಪೂರೈಸಬೇಕು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಪಲ್ಯದಲ್ಲೇ ಊಟ ಮುಗಿಸುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆ ಸೀಸನ್ನಿನಲ್ಲಿ ಅವನು 16 ಪಂದ್ಯಗಳಲ್ಲಿ 330 ರನ್ ಹೊಡೆದ, ಹತ್ತು ಸಲ ಔಟಾಗದೆ ಉಳಿದ. ಜೂನ್‌ನಲ್ಲಿ ರಾಜಕೋಟದಲ್ಲಿ ಭಾರತದ ಪರ ಅರ್ಧ ಶತಕ ಹೊಡೆದ. 2006ರಲ್ಲಿ ಮೊದಲ ಟಿ20 ಆಡಿದವನಿಗೆ ಆ ಆಟದಲ್ಲಿ ಅದೇ ಮೊದಲ ಅಂತಾರಾಷ್ಟ್ರೀಯ ಅರ್ಧ ಶತಕ! ಮಗ ಸೋತು, "ಅವ್ವಾ, ನೀ ಹೇಳಿದ್ದು ಖರೇ" ಎಂದ. ಒಂದು ದಿನ ಮುನ್ನೂರು ರೂಪಾಯಿ ಗೆದ್ದು ಪೇಢೆ ತಂದ. ನಾನೂ ಹಿಗ್ಗಿನಿಂದ ತಿಂದೆ. ಆ ಪೇಢೆ ನನಗೆ ಇಂದಿಗೂ ಜೀರ್ಣವಾಗಿಲ್ಲ.

ಮರುವರ್ಷ ಮಗ ಅವನನ್ನೇ ಕ್ಯಾಪ್ಟನ್ ಮಾಡತೊಡಗಿದ. ಆದರೆ 2023ರಲ್ಲಿ ಕಾರ್ತಿಕ್ 13 ಪಂದ್ಯಗಳಲ್ಲಿ ಹೊಡೆದದ್ದು 140 ರನ್ ಮಾತ್ರ. ಸೊನ್ನೆಗಳೂ ಬಂದವು. ಕಳೆದದ್ದನ್ನು ಎತ್ತಬೇಕೆಂದು ಮಗ ಮತ್ತೆ ಮತ್ತೆ ರೊಕ್ಕ ಹಾಕಿದ. ನನ್ನ ಕಣ್ಣಿನ ಪೊರೆ ತೆಗೆಸಲೆಂದು ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಹನ್ನೆರಡು ಸಾವಿರ ಹಾಗೆಯೇ ಹೋಯಿತು. ನನಗೆ ಗೊತ್ತಾದದ್ದು ದವಾಖಾನೆಗೆ ಹೋಗುವ ಹಿಂದಿನ ದಿನ.

"ಆ ಮುದುಕನ್ನ ನಂಬಿ ಕೆಟ್ಟೆ" ಎಂದ ಮಗ.

ರೊಕ್ಕ ಹೋದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. "ಅಂವ ತನ್ನ ಆಟ ಆಡಿದ. ನಿಮ್ಮವ್ವನ ಟ್ರಂಕ್ ತಗಿ ಅಂತ ಅಂವ ಹೇಳಿದ್ನೇನೋ?" ಎಂದೆ. ಸೊಸೆ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಬೈಯುವ ಮಾತು ಬಾಯಿಗೆ ಬಹಳ ಬಂದವು, ಆದರೆ ಪೇಢೆ ನೆನಪಾಗಿ ಗಂಟಲಲ್ಲೇ ನಿಂತವು. ಗೆದ್ದ ದಿನವೇ "ಈ ರೊಕ್ಕ ನಮಗ ಬ್ಯಾಡ" ಅನ್ನಬೇಕಿತ್ತು, ಅನ್ನಲಿಲ್ಲ.

ಮಗ ಅವತ್ತೇ ನನ್ನೆದುರು ಆ ಆಟವನ್ನು ಮೊಬೈಲಿನಿಂದ ತೆಗೆದುಹಾಕಿದ. ತಿಂಗಳಿಗೆ ಎರಡು ಸಾವಿರದಂತೆ ಸೊಸೆಯ ಕೈಗೆ ತಂದು ಕೊಟ್ಟ. ದೀಪಾವಳಿಯ ನಂತರ ನನ್ನ ಕಣ್ಣಿನ ಆಪರೇಷನ್ ಆಯಿತು.

2024ರ ಏಪ್ರಿಲ್ 15. ಮಗ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲಿನಿಂದ ಹನ್ನೊಂದು ಹೆಸರು ಬರೆದ. ರೊಕ್ಕವಿಲ್ಲ, ಮೊಬೈಲಿಲ್ಲ. "ಕ್ಯಾಪ್ಟನ್ ಯಾರವ್ವಾ?" ಎಂದು ಕೇಳಿದ. ಅವನ ದನಿಯಲ್ಲಿ ಇನ್ನೂ ಅಳುಕಿತ್ತು. "ನಮ್ಮ ಮುದುಕ" ಎಂದೆ. ಅಂದು ಹೈದರಾಬಾದಿನವರು 287 ರನ್ ಹೊಡೆದಿದ್ದರು. ನಮ್ಮ ಮುದುಕ 35 ಚೆಂಡಿಗೆ 83 ಹೊಡೆದ, ಏಳು ಸಿಕ್ಸರ್! ಚೆಂಡು ಜನರ ನಡುವೆ ಬೀಳುವುದು ನನಗೆ ನಿಚ್ಚಳವಾಗಿ ಕಂಡಿತು. ಪಂದ್ಯ 25 ರನ್ನಿನಿಂದ ಸೋತೆವು. ಆದರೂ ಮಗ ಪೆನ್ಸಿಲಿನಿಂದ ದುಪ್ಪಟ್ಟು ಪಾಯಿಂಟು ಲೆಕ್ಕ ಹಾಕಿ, ಕೆಳಗೆ ಗೆರೆ ಎಳೆದು, ಹಾಳೆ ನನ್ನ ಕೈಗಿಟ್ಟ.

ಆ ಜೂನ್ 1ರಂದು, ತನ್ನ ಮೂವತ್ತೊಂಬತ್ತನೆಯ ಹುಟ್ಟುಹಬ್ಬದ ದಿನ, ಕಾರ್ತಿಕ್ ಆಟಕ್ಕೆ ವಿದಾಯ ಹೇಳಿದ. 2025ರಲ್ಲಿ ಬೆಂಗಳೂರು ತಂಡ ಕಪ್ಪು ಗೆದ್ದಾಗ ಅವನು ಬ್ಯಾಟಿಂಗ್ ಕಲಿಸುವ ಗುರುವಾಗಿದ್ದ. ಅದೇ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಪೇಪರಿನಲ್ಲಿ ಆ ಸುದ್ದಿ ಓದಿ ಸೊಸೆ ನನ್ನ ಮುಖ ನೋಡಿದಳು, ಮಗ ತನ್ನ ತಾಟು ನೋಡಿಕೊಂಡ.

ಕ್ಯಾಲೆಂಡರಿನ ಆ ಹಾಳೆ ಈಗ ನನ್ನ ಟ್ರಂಕಿನಲ್ಲಿದೆ, ಹನ್ನೆರಡು ಸಾವಿರ ಇದ್ದ ಅದೇ ಸೀರೆಯ ಮಡಿಕೆಯೊಳಗೆ.