ಕೈ ತಡೆದು ಕಾಯುವ ಚಿಕಿತ್ಸೆ

ಮರದಿಂದ ಬಿದ್ದ, ಇಲ್ಲವೇ ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ನಾಟಿದ ಮಗುವಿನ ಮೈಮೇಲೆ ಕೆಲವೊಮ್ಮೆ ತರಚುಗಾಯವೂ ಕಾಣದು. ಆದರೆ ಎಡಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವು ಸೀಳಿ ಒಳಗೇ ರಕ್ತ ಸೋರುತ್ತಿರಬಹುದು. ಮಕ್ಕಳ ಪಕ್ಕೆಲುಬುಗಳು ಎಳೆಯವು, ಬಾಗುವಂಥವು. ತಾವು ಮುರಿಯದೆ ಹೊಡೆತವನ್ನು ಒಳಗಿನ ಅಂಗಕ್ಕೆ ದಾಟಿಸುತ್ತವೆ. ಹೊಟ್ಟೆನೋವಿನ ಜೊತೆಗೆ ಎಡಭುಜವೂ ನೋಯುತ್ತದೆಂದು ಮಗು ಅತ್ತರೆ ಅದನ್ನು ಹಠವೆಂದು ತಳ್ಳಿಹಾಕಬಾರದು.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇದಕ್ಕೆ ವೈದ್ಯರು ಸಾಮಾನ್ಯವಾಗಿ ನೀಡುತ್ತಿದ್ದ ಉತ್ತರ ಒಂದೇ: ಹೊಟ್ಟೆಯನ್ನು ತೆರೆದು ಗುಲ್ಮವನ್ನು ತೆಗೆಯುವುದು. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬುದು ಆ ನಿಲುವಿನ ಆಧಾರ. ಶೈಶವದಲ್ಲಿಯೇ ಗುಲ್ಮ ತೆಗೆಸಿಕೊಂಡ ಮಕ್ಕಳಿಗೆ ಮುಂದೆ ಬಂದ ತೀವ್ರ ಸೋಂಕುಗಳನ್ನು ಅಮೆರಿಕದ ಕಿಂಗ್ ಮತ್ತು ಶುಮಾಕರ್ 1952ರಲ್ಲಿ ವರದಿ ಮಾಡಿದರು, ಆಧಾರ ಅಲುಗಿತು. ರಕ್ತವನ್ನು ಸೋಸಿ ರೋಗಾಣುಗಳನ್ನು ಹಿಡಿಯುವ ಅಂಗವದು. ಅದಿಲ್ಲದವರಿಗೆ ನ್ಯೂಮೋಕಾಕಸ್‌ನ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಹುದು.

ಗಾಯಗೊಂಡ ಗುಲ್ಮದ ರಕ್ತಸ್ರಾವವು ಎಷ್ಟೋ ವೇಳೆ ತಾನಾಗಿಯೇ ನಿಲ್ಲುತ್ತದೆಂಬುದನ್ನು ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಅನುಭವದಿಂದ 1968ರಲ್ಲಿ ಲೋಕದ ಮುಂದಿಟ್ಟವರು ಉಪಾಧ್ಯಾಯ ಮತ್ತು ಸಿಂಪ್ಸನ್. ಇವರಲ್ಲಿ ಮೊದಲನೆಯವರು ನಮ್ಮ ದೇಶದ ಶಸ್ತ್ರವೈದ್ಯರು. ಅದೇ ವರ್ಷ ಉಪಾಧ್ಯಾಯರು ಸಂಗಡಿಗರೊಡನೆ ಕಪಿಗಳ ಗುಲ್ಮದ ಗಾಯವನ್ನು ಕುರಿತು ನಡೆಸಿದ ಪ್ರಯೋಗವೂ ಪ್ರಕಟವಾಯಿತು. ಅಹಿಂಸೆಯನ್ನು ನಂಬಿದ ಮನಸ್ಸು ಈ ಮಾತನ್ನು ಸುಲಭವಾಗಿ ದಾಟಲಾರದು. ಮಕ್ಕಳಿಗೆ ಒದಗಿದ ಈ ಲಾಭದ ಲೆಕ್ಕದಲ್ಲಿ ಮೂಕಪ್ರಾಣಿಗಳ ಋಣವನ್ನೂ ಬರೆದಿಡಬೇಕು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಗುಲ್ಮ ಎಷ್ಟು ಸೀಳಿದೆಯೆಂಬುದಕ್ಕಿಂತ ಮಗುವಿನ ನಾಡಿ, ರಕ್ತದೊತ್ತಡಗಳು ಸ್ಥಿರವಾಗಿವೆಯೇ ಎಂಬುದು ಮುಖ್ಯ. ಅವನ್ನು ಮತ್ತೆ ಮತ್ತೆ ಅಳೆಯಬೇಕು; ಹಿಮೋಗ್ಲೋಬಿನ್ ಪರೀಕ್ಷಿಸಬೇಕು; ಹೊಂದುವ ರಕ್ತ ಸಿದ್ಧವಿರಬೇಕು; ಶಸ್ತ್ರವೈದ್ಯರು ಕೂಗಳತೆಯಲ್ಲಿರಬೇಕು. ಹೀಗೆ ಕಾದಾಗ, ಸ್ಥಿರವಾಗಿರುವ 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯಿಲ್ಲದೆ ಗುಣ ಹೊಂದುತ್ತಾರೆ. ರಕ್ತ ಕೊಟ್ಟರೂ ಒತ್ತಡ ಕುಸಿಯುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ. ಆ ಗಳಿಗೆಯಲ್ಲಿ ಕತ್ತಿಯನ್ನು ತಡೆಯುವುದೇ ಹಿಂಸೆ.

ಮನೆಗೆ ಬಂದ ಮೇಲೂ ಸಂಯಮ ಮುಗಿಯದು. ಗಾಯದ ದರ್ಜೆಗೆ 2 ಕೂಡಿಸಿದಷ್ಟು ವಾರ ಓಟ, ಸೈಕಲ್ಲು, ಮರ ಹತ್ತುವುದು ಬೇಡವೆಂಬುದು ಅಮೆರಿಕದ ಮಕ್ಕಳ ಶಸ್ತ್ರವೈದ್ಯರ ಸಂಘ ರೂಢಿಗೆ ತಂದ ಲೆಕ್ಕ; ಮೂರನೆಯ ದರ್ಜೆಯಾದರೆ 5 ವಾರ. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿರಲಾರದು!

“ಏನಾದರೂ ಮಾಡಿ ಡಾಕ್ಟರೇ” ಎಂದು ಬೇಡುವ ತಂದೆಗೆ, ಏನೂ ಮಾಡದಂತೆ ತೋರುವ ವೈದ್ಯರ ಮೇಲೆ ಕೋಪ ಬರುವುದು ಸಹಜ. ದಾನಿಗಳ ದೃಷ್ಟಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಆಸ್ಪತ್ರೆ ನಡೆಸುವ ಟ್ರಸ್ಟುಗಳ ವಾರ್ಷಿಕ ವರದಿಯಲ್ಲಿ ನಡೆದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಎದ್ದು ಕಾಣುತ್ತದೆ. ತಪ್ಪಿದ ಶಸ್ತ್ರಚಿಕಿತ್ಸೆಗೆ ಜಮಾ ಕಡೆಯಲ್ಲಿ ಅಂಕಣವೇ ಇಲ್ಲ. ಆಪರೇಷನ್ ಥಿಯೇಟರಿಗೆ ಹೆಸರು ಕೆತ್ತಿಸಿ ಕೊಡುವವರು ಸಿಗುತ್ತಾರೆ. ರಾತ್ರಿಪಾಳಿಯ ದಾದಿಯ ಸಂಬಳಕ್ಕೆ, ರಕ್ತಸಂಗ್ರಹದ ಶೀತಪೆಟ್ಟಿಗೆಗೆ ಕೊಡುವವರು ಕಡಿಮೆ. ಗುಲ್ಮವನ್ನು ತೆಗೆಯಲೇಬೇಕಾಗಿ ಬಂದ ಮಕ್ಕಳ ಲಸಿಕೆಗಳೂ ಇದೇ ಪಟ್ಟಿಗೆ ಸೇರುತ್ತವೆ. ಅವರಿಗೆ ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳು ಬೇಕು. ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಅಂದೇ, ಆಗಲೇ ಆಸ್ಪತ್ರೆಗೆ ಒಯ್ಯಬೇಕು.