ನೀಲಿ ಅಂಗಿ ಹಾಕಿಕೊಂಡ ಮೇಲೆ

ಟೆನಿಸ್ ಬಾಲ್ ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತಿರುವ, ಆದರೆ ಯಾವ ಪುಸ್ತಕದಲ್ಲೂ ಬರೆದಿಲ್ಲದ ಒಂದು ನಿಯಮವಿದೆ. ಬ್ಯಾಟಿಂಗ್ ಮಾಡುವ ತಂಡದವರೇ ಅಂಪೈರ್ ಕೊಡಬೇಕು. ಆಗಷ್ಟೇ ಔಟಾಗಿ ಬಂದವನೋ, ಕೊನೆಯಲ್ಲಿ ಇಳಿಯಬೇಕಾದವನೋ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ಮೊಬೈಲ್ ಹಿಡ್ಕೊಂಡು ಸ್ಟಂಪ್ ಹಿಂದೆ ನಿಂತುಬಿಡ್ತಾನೆ. ಅವನು ತನ್ನ ತಂಡದವನಿಗೆ ಎಲ್‌ಬಿ ಕೊಡೋದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮ ಆಟದಲ್ಲಿ ಎಲ್‌ಬಿನೇ ಇಲ್ಲ. ಅಂಪೈರ್ ಮೇಲೆ ನಂಬಿಕೆ ಇಲ್ಲ ಅಂತ ಒಂದು ನಿಯಮವನ್ನೇ ಕಿತ್ತುಹಾಕಿ ಆರಾಮಾಗಿ ಆಡ್ಕೊಂಡು ಬಂದಿದ್ದೇವೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋದು ಅಂದರೆ ಇದೇ ಇರಬೇಕು.

ಆದರೆ ವೈಡ್, ನೋಬಾಲ್, ರನ್ ಔಟ್‌ಗಳನ್ನು ಕಿತ್ತುಹಾಕೋಕೆ ಆಗಲ್ಲವಲ್ಲ. ಹಾಗಾಗಿ ನಮ್ಮ ಕಾಲೇಜಿನ ಇಂಟರ್ ಬ್ರಾಂಚ್ ಟೂರ್ನಮೆಂಟು ವರ್ಷಾ ವರ್ಷ ಜಗಳದಲ್ಲೇ ಮುಗೀತಿತ್ತು. ನಾವು ಎರಡನೇ ವರ್ಷದಲ್ಲಿದ್ದಾಗ ಪಿ.ಇ. ಸರ್ ಕಡ್ಡಿ ಮುರಿದ ಹಾಗೆ ಹೇಳಿದರು: "ಆಡೋ ಎರಡು ಬ್ರಾಂಚ್ ಬಿಟ್ಟು ಬೇರೆಯವರು ಅಂಪೈರ್ ಆದ್ರೆ ಗ್ರೌಂಡು. ಇಲ್ಲಾಂದ್ರೆ ಬೀಗ." ಆವತ್ತು ಕೈ ಎತ್ತಿದವರು ನಾವು ನಾಲ್ವರು. ಮೆಕ್ಯಾನಿಕಲ್, ಸಿವಿಲ್, ಇಸಿ, ಸಿಎಸ್‌ನಿಂದ ಒಬ್ಬೊಬ್ಬರು. ನಾಲ್ವರಲ್ಲೂ ಸಮಾನವಾಗಿ ಇದ್ದದ್ದು ಒಂದೇ ಅರ್ಹತೆ, ನಮ್ಮನ್ನು ಯಾವ ಬ್ರಾಂಚಿನ ತಂಡವೂ ಆಯ್ಕೆ ಮಾಡಿರಲಿಲ್ಲ.

ಅಂಪೈರ್ ಅಂದಮೇಲೆ ಬಿಳಿ ಕೋಟು ಇರಬೇಕು ಅನ್ನೋದು ನಮ್ಮ ಮೊದಲ ಐಡಿಯಾ. ಹಳೇ ಟೆಸ್ಟ್ ಮ್ಯಾಚುಗಳ ವಿಡಿಯೋದಲ್ಲಿ ನೋಡಿದ್ದೆವು. ಬಿಳಿ ಕೋಟಿಗೆ ಎಲ್ಲಿಗೆ ಹೋಗೋದು? ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನ ಕೋಟುಗಳು ಟ್ರಂಕಿನಲ್ಲಿ ಕೊಳೀತಾ ಇದ್ದವು. ಆಸಿಡ್ ಬಿದ್ದು ತೂತಾದ ಜಾಗಕ್ಕೆ ಒಳಗಿನಿಂದ ಪ್ಲಾಸ್ಟರ್ ಅಂಟಿಸಿ ಇಳಿದೇಬಿಟ್ಟೆವು. ಮೊದಲ ಓವರ್ ಮುಗಿಯೋದರೊಳಗೆ ಬೌಂಡರಿ ಕಡೆಯಿಂದ ಕೂಗು ಶುರು: "ಡಾಕ್ಟ್ರೇ, ಇಂಜೆಕ್ಷನ್ ತಂದಿದೀರಾ?" ಕೋಟಿನ ಕೆಳಗೆ ಬರ್ಮುಡಾ, ಕಾಲಲ್ಲಿ ಅದೇ ಹವಾಯಿ ಚಪ್ಪಲಿ. ವೈಡ್ ಕೊಟ್ಟರೆ ಬೌಲರ್ ನಗ್ತಾನೆ, ಕೊಡದಿದ್ದರೆ ಬ್ಯಾಟ್ಸ್‌ಮನ್ ನಗ್ತಾನೆ. ವೇಷ ಹಾಕಿದ ಮಾತ್ರಕ್ಕೆ ಪಾತ್ರ ಬರೋದಿಲ್ಲ ಅಂತ ಆ ಒಂದು ವಾರದಲ್ಲಿ ಚೆನ್ನಾಗಿ ಅರ್ಥ ಆಯ್ತು.

ನಮ್ಮ ಕಣ್ಣು ತೆರೆಸಿದ್ದು ಕ್ರಿಕೆಟ್ ಅಲ್ಲ, ಸಾಫ್ಟ್‌ಬಾಲ್. ಅದೇ ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿನ ಹುಡುಗಿಯರ ತಂಡ ಅಂತರ ಕಾಲೇಜು ಪಂದ್ಯಕ್ಕೆ ಹೊರಟಿತ್ತು. ಸ್ಕೋರ್ ಬರೆಯೋಕೆ, ಕಿಟ್ ಹೊರೋಕೆ ಜನ ಬೇಕು ಅಂತ ನಮ್ಮನ್ನೂ ಬಸ್ಸು ಹತ್ತಿಸಿಕೊಂಡರು. ಅಲ್ಲಿಯ ಅಂಪೈರುಗಳು ವಾರದ ದಿನಗಳಲ್ಲಿ ಯಾವುದೋ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ಮೇಷ್ಟ್ರು, ಮೇಡಂಗಳು. ಇದೇ ಅವರ ಹೊಟ್ಟೆಪಾಡಲ್ಲ. ಆದರೂ ಪಂದ್ಯ ಶುರುವಾಗೋಕೆ ಮುಂಚೆಯೇ ಬಂದು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಬೂದು ಪ್ಯಾಂಟು, ಪಾಲಿಶ್ ಮಾಡಿದ ಕಪ್ಪು ಶೂ ಹಾಕಿಕೊಂಡು ಮೈದಾನ ಸುತ್ತಿ ಗೆರೆಗಳನ್ನು ನೋಡುತ್ತಿದ್ದರು.

ಸಾಫ್ಟ್‌ಬಾಲ್‌ನಲ್ಲಿ ಕ್ಯಾಚರ್ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ಕೆಲಸ ಸುಲಭದ್ದಲ್ಲ. ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು ಪ್ರತಿ ಎಸೆತಕ್ಕೂ ಬಗ್ಗಬೇಕು. ಬ್ಯಾಟ್ಸ್‌ಮನ್ ಬೀಸದೆ ಬಿಟ್ಟ ಪ್ರತಿ ಎಸೆತಕ್ಕೂ ಸ್ಟ್ರೈಕೋ ಬಾಲೋ ಅಂತ ಅಲ್ಲೇ ತೀರ್ಪು ಹೇಳಬೇಕು. ಮೂರು ಸ್ಟ್ರೈಕಿಗೆ ಔಟು, ನಾಲ್ಕು ಬಾಲಿಗೆ ಪುಕ್ಕಟೆ ಬೇಸು. ಅಪೀಲ್ ಬರಲಿ ಅಂತ ಕಾಯೋ ಹಾಗಿಲ್ಲ. ಎಡಗೈಯಲ್ಲಿ ಬೆರಳಿನಿಂದ ತಿರುಗಿಸೋ ಒಂದು ಪುಟ್ಟ ಎಣಿಕೆಯ ಸಾಧನ, ಜೇಬಿನಲ್ಲಿ ಒಂದು ಸಣ್ಣ ಬ್ರಷ್ಷು. ಹೋಮ್ ಪ್ಲೇಟ್ ಮೇಲೆ ಮಣ್ಣು ಕೂತಾಗ ಅಂಪೈರೇ ಬಗ್ಗಿ ಗುಡಿಸ್ತಾರೆ. ಆಗಲೂ ಪ್ಲೇಟಿನ ಮುಂದಕ್ಕೆ ಬಂದು, ಹಿಂದೆ ಕೂತ ಪ್ರೇಕ್ಷಕರ ಕಡೆ ಮುಖ ಮಾಡಿ ಬಗ್ಗುತ್ತಾರೆ. ನೋಡೋಕೆ ಬಂದವರಿಗೆ ಬೆನ್ನು ತೋರಿಸಬಾರದು ಅನ್ನೋ ಮರ್ಯಾದೆ ಅದು. ಬಿಸಿಲಲ್ಲಿ ನಿಂತು, ಮಣ್ಣು ಗುಡಿಸಿ, ಬೈಸಿಕೊಳ್ಳೋ ಕೆಲಸಕ್ಕೆ ಇಷ್ಟು ನೀಟಾಗಿ ಬರಬೇಕಾ ಅಂತ ಊಟದ ಹೊತ್ತಿಗೆ ಒಬ್ಬ ಮೇಡಂ ಅವರನ್ನು ಕೇಳೇಬಿಟ್ಟೆವು. "ಅಂಗಿ ಸರಿ ಇಲ್ಲ ಅಂದ್ರೆ ಹುಡುಗ್ರು ಏನೂ ಅಂದ್ಕೊಳಲ್ಲಪ್ಪ. ನಂಗೇ ಕೆಲಸ ಶುರುವಾಗಿದೆ ಅನ್ಸಲ್ಲ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅದೇ ಮಾತು. ನಾವು ಕೋಟು ಹಾಕಿಕೊಂಡಿದ್ದು ಆಟಗಾರರು ಹೆದರಲಿ ಅಂತ. ಅವರು ಅಂಗಿ ಹಾಕಿಕೊಂಡಿದ್ದು ತಮಗೋಸ್ಕರ. ಯೋಚಿಸಿದರೆ ಇದು ನಮಗೆ ಹೊಸದೇನಲ್ಲ. ವರ್ಕ್‌ಶಾಪ್‌ನಲ್ಲಿ ಲೇತ್ ಮುಂದೆ ನಿಲ್ಲುವಾಗ ಖಾಕಿ ಹಾಕಿಸಿ, ತೋಳು ಬಿಗಿಯಾಗಿರಲಿ, ಚಪ್ಪಲಿ ಬೇಡ ಅಂತಾರಲ್ಲ, ಅದು ಲೇತಿಗೆ ಗೌರವ ಕೊಡಲಿ ಅಂತಲ್ಲ. ನಮ್ಮ ಕೈ ಹೋಗದಿರಲಿ ಅಂತ.

ಮುಂದಿನ ವರ್ಷ ಎಂಟ್ರಿ ಫೀಸಿನ ದುಡ್ಡಿನಲ್ಲಿ ನಾಲ್ಕು ಕಡುನೀಲಿ ಅಂಗಿ ಹೊಲಿಸಿದೆವು. ಕಡುನೀಲಿಯೇ ಯಾಕೆ ಅಂದರೆ, ಬೌಲರ್ ಕೈ ಬಿಟ್ಟ ಚೆಂಡು ಬ್ಯಾಟ್ಸ್‌ಮನ್ ಕಣ್ಣಿಗೆ ಬೀಳೋದು ಅಂಪೈರ್ ಪಕ್ಕದಿಂದಲೇ. ನಮ್ಮದು ಹಳದಿ ಹಸಿರು ಚೆಂಡು. ಅಂಪೈರೂ ಅದೇ ಬಣ್ಣದ ಫೆಸ್ಟ್ ಟೀ ಶರ್ಟ್ ಹಾಕಿಕೊಂಡು ನಿಂತರೆ ಚೆಂಡು ಹುಡುಕಬೇಕಾಗುತ್ತೆ. ಅಂಗಿ ಮಾತ್ರ ಟೂರ್ನಮೆಂಟಿನದು, ಪ್ಯಾಂಟು ಯಾವುದಾದರೂ ಕಪ್ಪು, ಶೂ ಇದ್ದದ್ದೇ. ಹೊಸ ಶೂ ತಗೊಳ್ಳೋಕೆ ಆಗದವನು ಅಂಪೈರ್ ಆಗಬಾರದು ಅಂತ ಆಗಬಾರದಲ್ಲ. ತೊಳೆದಿರಬೇಕು, ಲೇಸ್ ಕಟ್ಟಿರಬೇಕು, ಅಷ್ಟೇ.

ಆಮೇಲೆ ಎಂಸಿಸಿಯ ಕ್ರಿಕೆಟ್ ನಿಯಮಗಳನ್ನು ಕೂತು ಓದಿದೆವು. ಅಂಪೈರುಗಳು ಆಟ ಶುರುವಾಗೋಕೆ ಕನಿಷ್ಠ 45 ನಿಮಿಷ ಮುಂಚೆ ಮೈದಾನದಲ್ಲಿರಬೇಕು ಅಂತ ಅದರಲ್ಲಿದೆ. ಎಂಟು ಓವರಿನ ಮ್ಯಾಚಿಗೂ ಅಷ್ಟೇ ಮುಂಚೆ ಹೋದೆವು. ಅಂಪೈರ್ ಕೊಟ್ಟ ಪ್ರತಿ ಸಿಗ್ನಲ್ಲಿಗೂ ಸ್ಕೋರರ್ ಉತ್ತರ ಕೊಡೋವರೆಗೆ ಮುಂದಿನ ಚೆಂಡು ಹಾಕಿಸಬಾರದು ಅಂತಲೂ ಇದೆ. ಅದೊಂದನ್ನು ಪಾಲಿಸಿದ್ದಕ್ಕೆ "ಸ್ಕೋರ್ ತಪ್ಪಾಗಿದೆ" ಅನ್ನೋ ಅರ್ಧ ಜಗಳ ನಿಂತುಹೋಯ್ತು. ಜೇಬಿನಲ್ಲಿ ಮೊಬೈಲ್ ಬೇಡ, ಆರು ಒಂದು ರೂಪಾಯಿ ನಾಣ್ಯ ಇರಲಿ, ಚೆಂಡಿಗೊಂದರಂತೆ ಎಡ ಜೇಬಿನಿಂದ ಬಲ ಜೇಬಿಗೆ. ಮ್ಯಾಚ್ ನಡುವೆ ಯಾವ ತಂಡದವರು ಕರೆದರೂ ಅವರ ಜೊತೆ ಕೂತು ಸಮೋಸ ತಿನ್ನೋ ಹಾಗಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ನಿಯಮ: ಗೆರೆಯೊಳಗೆ ಯಾರೂ "ಮಗಾ" ಅಲ್ಲ. ನಾವು ಅವರನ್ನು "ಕ್ಯಾಪ್ಟನ್" ಅನ್ನಬೇಕು, ಅವರು ನಮ್ಮನ್ನು "ಅಂಪೈರ್" ಅನ್ನಬೇಕು. ಮೊದಲ ದಿನ ಎಲ್ಲರೂ ನಕ್ಕರು, ನಾವೂ ನಕ್ಕೆವು. ಮೂರನೇ ದಿನದ ಹೊತ್ತಿಗೆ ಅದೇ ಅಭ್ಯಾಸ ಆಯ್ತು. "ಮಗಾ, ಅದು ವೈಡ್ ಅಲ್ವಾ?" ಅಂತ ಜಗಳ ಆಡಬಹುದು. "ಅಂಪೈರ್, ಅದು ವೈಡ್ ಅಲ್ವಾ?" ಅಂದಮೇಲೆ ಜಗಳ ಮುಂದುವರಿಸೋದು ಯಾಕೋ ಕಷ್ಟ.

ನೀಟಾಗಿರೋದು ಬೇರೆ, ಶೋಕಿ ಬೇರೆ ಅಂತಲೂ ಆ ವರ್ಷವೇ ತಿಳೀತು. ನ್ಯೂಜಿಲೆಂಡಿನ ಬಿಲ್ಲಿ ಬೌಡನ್ ಬೆರಳು ಬಗ್ಗಿಸಿ ಔಟ್ ಕೊಡುತ್ತಿದ್ದದ್ದು ಎಲ್ಲರಿಗೂ ಇಷ್ಟ. ಸಂಧಿವಾತದಿಂದ ಅವರಿಗೆ ಬೆರಳು ನೆಟ್ಟಗೆ ಎತ್ತೋದೇ ನೋವಾಗುತ್ತಿತ್ತು, ಆ ಶೈಲಿ ಹುಟ್ಟಿದ್ದು ಹಾಗೆ ಅಂತ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಮಗೆ ಸಹಾಯಕ್ಕೆ ಬಂದ ಒಬ್ಬ ಜೂನಿಯರ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಅದೇ ಥರ ಕುಣಿದು ಕುಣಿದು ಸಿಕ್ಸ್ ಕೊಡ್ತಿದ್ದ. ಜನ ಶಿಳ್ಳೆ ಹೊಡೆದರು. ಆದರೆ ಹೊಡೆಸಿಕೊಂಡ ಬೌಲರ್ ಮುಖ ನೋಡಿದ ಮೇಲೆ ಅವನೇ ನಿಲ್ಲಿಸಿದ. ಒಬ್ಬನ ಸೋಲು ಅಂಪೈರಿನ ಸಂಭ್ರಮ ಆಗಬಾರದು.

ಇನ್ನು ಆ ಸೆಮಿಫೈನಲ್. ಮೆಕ್ಯಾನಿಕಲ್ ಮತ್ತು ಸಿಎಸ್. ನಮ್ಮ ನಾಲ್ವರಲ್ಲಿ ಸಿವಿಲ್‌ನವನಿಗೂ ಇಸಿಯವನಿಗೂ ಅವತ್ತೇ ಇಂಟರ್ನಲ್ಸ್. ಉಳಿದದ್ದು ಆಡುವ ಎರಡು ಬ್ರಾಂಚಿನವರೇ. ಪಂದ್ಯ ಮುಂದೂಡೋಣ ಅಂದರೆ ಗ್ರೌಂಡ್ ಸಿಗಲ್ಲ. ಪಿ.ಇ. ಸರ್ ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು ಕೇಳಿದರು. ಸಿಎಸ್ ಕ್ಯಾಪ್ಟನ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಿ ಹಾಕ್ಕೊಂಡು ಬಂದ್ರೆ ಓಕೆ ಸರ್" ಅಂದ. ಅವನು ತಮಾಷೆಗೆ ಅಂದನೋ ಏನೋ. ನಮಗೆ ಮಾತ್ರ ಹೊಟ್ಟೆಯೊಳಗೆ ಏನೋ ಕೂತ ಹಾಗಾಯ್ತು.

ಕೊನೆಯ ಓವರ್, ಮೆಕ್ಯಾನಿಕಲ್‌ಗೆ ನಾಲ್ಕು ಚೆಂಡಿಗೆ ಏಳು ಬೇಕು. ಅವರ ಕ್ಯಾಪ್ಟನ್ ಎರಡನೇ ರನ್ನಿಗೆ ಓಡಿ ಬಂದು ಡೈವ್ ಹೊಡೆದ. ಕೀಪರ್ ಸ್ಟಂಪ್ ಕಿತ್ತ. ಸ್ಕ್ವೇರ್ ಲೆಗ್‌ನಲ್ಲಿ ಗೆರೆಗೆ ಸರಿಯಾಗಿ ನಿಂತಿದ್ದವನು ನಮ್ಮ ಮೆಕ್ಯಾನಿಕಲ್‌ನವನು. ಓಡಿ ಬಂದವನು ಅವನ ಹಾಸ್ಟೆಲ್ ರೂಮ್‌ಮೇಟ್. ಬ್ಯಾಟಿನ ತುದಿ ಸುಣ್ಣದ ಗೆರೆಯ ಮೇಲಿತ್ತು, ಗೆರೆ ದಾಟಿರಲಿಲ್ಲ. ನಿಯಮದ ಪ್ರಕಾರ ಗೆರೆ ಮುಟ್ಟಿದರೆ ಸಾಲದು, ಅದರ ಹಿಂದೆ ನೆಲಕ್ಕೆ ತಾಗಬೇಕು. ಬೆರಳು ಮೇಲೆ ಹೋಯ್ತು.

"ಗೆರೆ ಮುಟ್ಟಿದೆ ಕಣೋ!" ಅಂತ ಅವನು ಕೂಗಿದ. ಮುಟ್ಟಿದ್ದು ನಿಜವೇ. ಮೆಕ್ಯಾನಿಕಲ್ ಮೂರು ರನ್ನಿಂದ ಸೋತಿತು. ರಾತ್ರಿ ರೂಮಿನಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಆ ಅಂಗಿ ಹಾಕ್ಕೊಂಡ್ರೆ ನೀನು ಬೇರೆಯವನಾಗ್ತೀಯಾ?" ಆಮೇಲೆ ಹತ್ತು ದಿನ ಮಾತಿಲ್ಲ. ಒಂದೇ ರೂಮು, ಒಂದೇ ಬಕೆಟ್ಟು, ಮಾತು ಮಾತ್ರ ಇಲ್ಲ. ಮೆಸ್ಸಿನಲ್ಲಿ ಇಡೀ ಬ್ರಾಂಚಿನವರು ಬೇರೆ ಟೇಬಲ್ಲಿಗೆ ಹೋಗ್ತಿದ್ದರು. ನಮ್ಮ ಗೆಳೆಯ ಅಂಪೈರಿಂಗೇ ಬಿಡ್ತೀನಿ ಅಂತ ಅಂಗಿ ಮಡಿಸಿ ತಂದುಕೊಟ್ಟ. ನಾವು ತಗೊಳ್ಳಲಿಲ್ಲ. ಹನ್ನೊಂದನೇ ದಿನ ರಾತ್ರಿ ರೂಮ್‌ಮೇಟ್ ಬಾಯಿ ಬಿಟ್ಟ: "ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಎಲ್ಲಿಟ್ಟಿದೀಯಾ?" ಅಷ್ಟೇ. ಆ ರನ್ ಔಟ್ ಬಗ್ಗೆ ಇವತ್ತಿಗೂ ಅವರಿಬ್ಬರು ಮಾತಾಡಿಲ್ಲ.

ಅವನ ಪ್ರಶ್ನೆ ಮಾತ್ರ ನಮ್ಮ ನಾಲ್ವರ ತಲೆಯಲ್ಲೂ ಉಳಿದಿದೆ. ಉತ್ತರ ಹೌದು ಅಂತಲೇ. ಆ ಮೂರು ಗಂಟೆ ಬೇರೆಯವನಾಗೋಕೆ ಅಂತಲೇ ಅಂಗಿ ಇರೋದು.

1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್ನಿಗೆ ತೆಗೆದದ್ದು ಎಲ್ಲರಿಗೂ ಗೊತ್ತು. ಅವರು ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು ಅನ್ನೋದನ್ನೂ ನಾವು ಎದೆ ತಟ್ಟಿ ಹೇಳ್ತೀವಿ. ಆದರೆ ಆ ಪಂದ್ಯದ ಇಬ್ಬರು ಅಂಪೈರುಗಳಲ್ಲಿ ಒಬ್ಬರು ನಮ್ಮವರೇ ಆದ ಎ.ವಿ. ಜಯಪ್ರಕಾಶ್ ಅಂತ ಎಷ್ಟು ಜನಕ್ಕೆ ಗೊತ್ತು? ಅವರೂ ಕರ್ನಾಟಕದ ಪರ ಆಡಿದ್ದವರು. 1994ರಿಂದ ಟೆಸ್ಟಿನಲ್ಲಿ ಒಬ್ಬ ಅಂಪೈರ್ ಹೊರದೇಶದವರು, ಒಬ್ಬರು ಆತಿಥೇಯ ದೇಶದವರು ಅನ್ನೋ ಪದ್ಧತಿ ಇತ್ತು. ಇಬ್ಬರೂ ಹೊರಗಿನವರಾದದ್ದು 2002ರಿಂದ. ಅಂದರೆ ತನ್ನದೇ ದೇಶ, ತನ್ನದೇ ರಾಜ್ಯದ ಬೌಲರ್ ದಾಖಲೆಯ ಹತ್ತಿರ ಬಂದು ಅಪೀಲ್ ಮಾಡುವಾಗ, ಇಡೀ ಕ್ರೀಡಾಂಗಣ ಕಿರುಚುವಾಗ, ಆ ಮನುಷ್ಯ ಅಲ್ಲಿ ನಿಂತಿದ್ದರು. ನಮ್ಮ ಇಂಟರ್ ಬ್ರಾಂಚಿನ ಕಷ್ಟ ಅದರ ಮುಂದೆ ಎಷ್ಟರದ್ದು!

ಎಂಜಿನಿಯರುಗಳಿಗೂ ಈ ಕೆಲಸಕ್ಕೂ ನಂಟಿಲ್ಲ ಅಂತಲೂ ಹೇಳೋ ಹಾಗಿಲ್ಲ. ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಸ್. ವೆಂಕಟರಾಘವನ್ ಆಟಗಾರರಾಗಿ 57 ಟೆಸ್ಟ್ ಆಡಿ, ಅಂಪೈರ್ ಆಗಿ 73 ಟೆಸ್ಟಿನಲ್ಲಿ ನಿಂತರು. ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಓದಿದ ಜಾವಗಲ್ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ.

ಈಗ ನಾವು ಫೈನಲ್ ಇಯರ್. ಪ್ಲೇಸ್‌ಮೆಂಟಿಗೆ ಅಂತ ಫಾರ್ಮಲ್ಸ್ ಹೊಲಿಸಿದ್ದೇವೆ, ಟೈ ಕಟ್ಟೋದು ಕಲಿತಿದ್ದೇವೆ. ಆ ಬಟ್ಟೆ ನಾವು ಎದ್ದು ಕಾಣಲಿ ಅಂತ ಹಾಕೋದು. ನೀಲಿ ಅಂಗಿ ಅದರ ತದ್ವಿರುದ್ಧ. ಮ್ಯಾಚ್ ಮುಗಿದ ಮೇಲೆ ಇವತ್ತು ಅಂಪೈರ್ ಯಾರಿದ್ರು ಅಂತ ಯಾರಿಗೂ ನೆನಪಾಗದಿದ್ದರೆ ಅದು ಒಳ್ಳೇ ದಿನ. ನಾಳೆ ನಮ್ಮ ಸಿವಿಲ್‌ನವನು ಯಾವುದೋ ಸೈಟಿನಲ್ಲಿ 28 ದಿನದ ಕ್ಯೂಬ್ ಟೆಸ್ಟಿನ ರಿಪೋರ್ಟಿಗೆ ಸಹಿ ಹಾಕಬೇಕು. ಕಾಂಟ್ರಾಕ್ಟರು ಊರಿನವನೇ ಆಗಿರಬಹುದು, ಒಟ್ಟಿಗೆ ಊಟ ಮಾಡಿದವನೇ ಆಗಿರಬಹುದು. ಆಗ ಹೆಲ್ಮೆಟ್ಟು, ಶೂ ಹಾಕಿಕೊಂಡಿರ್ತಾನಲ್ಲ, ಅವನಿಗೆ ಸ್ಕ್ವೇರ್ ಲೆಗ್ ನೆನಪಾಗಲಿ.

ಈ ಸಲದ ಕ್ಯಾಪ್ಟನ್‌ಗಳ ಮೀಟಿಂಗಿನಲ್ಲಿ ಒಂದು ವಿಷಯ ನಡೀತು. "ಫೈನಲ್‌ಗೆ ಎಲ್‌ಬಿ ಇಡೋಣ್ವಾ?" ಅಂತ ಯಾರೋ ಕೇಳಿದರು. ಕೇಳಿದ್ದು ಮೆಕ್ಯಾನಿಕಲ್ ಕ್ಯಾಪ್ಟನ್. ಯಾರೂ ಬೇಡ ಅನ್ನಲಿಲ್ಲ.

ಹಾಗಾಗಿ ಜೂನಿಯರ್ಸ್, ಮುಂದಿನ ವರ್ಷಕ್ಕೆ ನಾಲ್ವರು ಬೇಕು. ಹುಡುಗಿಯರೂ ಬನ್ನಿ, ಸಾಫ್ಟ್‌ಬಾಲ್ ತಂಡದವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಡೋಕೆ ಬರಲೇಬೇಕು ಅಂತಿಲ್ಲ. ಶೂ ತೊಳೆದುಕೊಂಡು 45 ನಿಮಿಷ ಮುಂಚೆ ಬಂದರೆ ಸಾಕು. ಅಂಗಿಗಳು ಪಿ.ಇ. ಸರ್ ರೂಮಿನ ಬೀರುವಿನಲ್ಲಿವೆ, ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇವೆ.