ಫ್ಯಾನಿನ ವಿಮಾನವೋ, ಜೆಟ್ ವಿಮಾನವೋ?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಊರಿನಿಂದ ಭಾವನ ಫೋನು ಬಂತು. ನಮ್ಮ ಭಾವ ಅಡಿಕೆ ಧಾರಣೆ ಏರಿದಾಗ ಅಥವಾ ಇಳಿದಾಗ ಮಾತ್ರ ಫೋನು ಮಾಡುವವರು. ಆ ದಿನ ಎರಡೂ ಆಗಿರಲಿಲ್ಲ.

"ನಿನ್ನ ಸೊಸೆಗೆ ಕೆಲಸ ಸಿಕ್ಕಿತು ಮಾರಾಯ" ಎಂದರು. ದನಿಯಲ್ಲಿ ಸಂತೋಷವಿರಲಿಲ್ಲ. "ಆದರೆ ಫ್ಯಾನ್ ಇರೋ ವಿಮಾನವಂತೆ. ಜೆಟ್ಟೇ ಬೇಕು ಅಂದರೆ ಒಂದು ವರ್ಷ ಕಾಯಬೇಕಂತೆ, ಅದೂ ಖಾತ್ರಿ ಇಲ್ಲ. ಇಷ್ಟೆಲ್ಲ ದುಡ್ಡು ಸುರಿದದ್ದು ಫ್ಯಾನಿಗಾ?"

ಅಕ್ಕನ ಮಗಳು ಪುಟ್ಟಿ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಪೈಲಟ್ ತರಬೇತಿಗೆ ಸೇರಿದವಳು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆ ಹಾರಿರಬೇಕು. ಅಷ್ಟು ಹಾರಿ, ಪರೀಕ್ಷೆಗಳನ್ನು ಮುಗಿಸಿ ಕೈಗೆ ಪರವಾನಗಿ ಬರುವ ಹೊತ್ತಿಗೆ ಖರ್ಚು ಅರ್ಧ ಕೋಟಿ ದಾಟಿತ್ತು. ಅದಕ್ಕಾಗಿ ಭಾವ ತೋಟದ ಪತ್ರವನ್ನು ಬ್ಯಾಂಕಿನಲ್ಲಿಟ್ಟಿದ್ದರು. ಮೂರು ತಲೆಮಾರು ಉಳಿಸಿಕೊಂಡು ಬಂದ ತೋಟ. ಹಾಗಾಗಿ ಅವರ ಪ್ರಶ್ನೆ ಕೇಳಿ ನನಗೆ ನಗು ಬರಲಿಲ್ಲ.

ನಗು ಬಾರದಿರಲು ಇನ್ನೊಂದು ಕಾರಣವೂ ಇತ್ತು. ಮೂವತ್ತು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಮಾತನ್ನು ನಾನೂ ಆಡಿದ್ದೆ.

ಆಗ ದೇಶದಲ್ಲಿ ಖಾಸಗಿ ವಿಮಾನ ಕಂಪನಿಗಳ ಸುಗ್ಗಿ. ಸರ್ಕಾರದ ಏಕಸ್ವಾಮ್ಯ ಕಾಪಾಡುತ್ತಿದ್ದ ಹಳೆಯ ಕಾಯಿದೆ 1994ರಲ್ಲಿ ರದ್ದಾಗಿತ್ತು. ನನ್ನ ಕೈಯಲ್ಲಿ ಹೊಸ ಪರವಾನಗಿ ಇತ್ತು, ಅಪ್ಪನ ಹೆಸರಿನಲ್ಲಿ ಸಾಲ ಇತ್ತು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಪೇಟೆಯಲ್ಲಿ ಕೊಂಡಿಟ್ಟ ಒಂದೇ ಸೈಟನ್ನು ಮಾರಿ, ಸಾಲದ್ದಕ್ಕೆ ಸಾಲ ಮಾಡಿ ನನ್ನನ್ನು ಓದಿಸಿದ್ದರು. ಟರ್ಬೋಪ್ರಾಪ್ ವಿಮಾನಗಳನ್ನಿಟ್ಟುಕೊಂಡ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ನಾನು ಹೋಗಲಿಲ್ಲ. ಓರಗೆಯ ಹುಡುಗರು ಬೋಯಿಂಗ್ ಎನ್ನುವಾಗ ನಾನು ಪ್ರೊಪೆಲರ್ ಎನ್ನುವುದು ಹೇಗೆ? ಅಪ್ಪ ಒಂದೇ ಮಾತು ಕೇಳಿದರು: "ಅದೂ ಹಾರುತ್ತದಲ್ಲವೇನೋ?" ನಾನು ಉತ್ತರಿಸಲಿಲ್ಲ.

ಹದಿನಾಲ್ಕು ತಿಂಗಳು ಮನೆಯಲ್ಲಿ ಕುಳಿತೆ. ಕೊನೆಗೆ ಜೆಟ್ ಸಿಕ್ಕಿತು. ಸಮವಸ್ತ್ರದ ಫೋಟೋ ಊರಿನ ಮನೆಗಳ ಗೋಡೆ ಏರಿತು. ಎರಡು ವರ್ಷವೂ ತುಂಬಲಿಲ್ಲ, ಕಂಪನಿ ಮುಚ್ಚಿತು. ಮೂರು ತಿಂಗಳ ಸಂಬಳ ಬರಲೇ ಇಲ್ಲ. ಸಾಲ ಮಾತ್ರ ಬಡ್ಡಿಯೊಡನೆ ಬೆಳೆಯುತ್ತಿತ್ತು. ಕೆಲಕಾಲ ಒಂದು ಹಾರಾಟ ಕ್ಲಬ್ಬಿನಲ್ಲಿ ಮಕ್ಕಳಿಗೆ ಪಾಠ ಹೇಳಿ ದಿನ ದೂಡಿದೆ. ಆಮೇಲೆ ಕೆಲಸ ಕೊಟ್ಟದ್ದು, ನಾನು ಮೂಗು ಮುರಿದಿದ್ದ ಅದೇ ಫ್ಯಾನಿನ ವಿಮಾನ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಫ್ಯಾನ್ ಕಂಡ ತಕ್ಷಣ ಹಳೆಯ ಕಾಲದ ವಿಮಾನ ಎಂದುಕೊಳ್ಳುವವರು ಬಹಳ. ಟರ್ಬೋಪ್ರಾಪ್‌ನ ಒಳಗೆ ಇರುವುದೂ ಜೆಟ್‌ನಲ್ಲಿರುವಂಥ ಟರ್ಬೈನ್ ಎಂಜಿನ್ನೇ. ಜೆಟ್ ತಾನು ಹಿಂದಕ್ಕೆ ತಳ್ಳುವ ಗಾಳಿಯ ಬಲದಿಂದ ಮುಂದೆ ಹೋಗುತ್ತದೆ. ಟರ್ಬೋಪ್ರಾಪ್‌ನಲ್ಲಿ ಟರ್ಬೈನ್‌ನ ಶಕ್ತಿ ಗೇರ್‌ಪೆಟ್ಟಿಗೆಯ ಮೂಲಕ ಪ್ರೊಪೆಲರನ್ನು ತಿರುಗಿಸುತ್ತದೆ. ಹತ್ತಿರದ ಊರುಗಳಿಗೆ, ಕಡಿಮೆ ಎತ್ತರದಲ್ಲಿ, ಚಿಕ್ಕ ರನ್‌ವೇಗೆ ಇದೇ ಮಿತವ್ಯಯ. ನಮ್ಮಲ್ಲಿ ಹೆಚ್ಚು ಕಾಣುವ ಎಟಿಆರ್ 72 ವಿಮಾನದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಕೂರಬಹುದು. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್, ಏರುವ ಮಿತಿ 25,000 ಅಡಿ. ಏರ್‌ಬಸ್ 320 ಸುಮಾರು 180 ಜನರನ್ನು ಹೊತ್ತು ಗಂಟೆಗೆ 800 ಕಿಲೋಮೀಟರ್‌ಗೂ ಮೀರಿ ಹೋಗುತ್ತದೆ, 39,000 ಅಡಿಯವರೆಗೆ ಏರುತ್ತದೆ. ಮೈಸೂರಿನ ರನ್‌ವೇ 1,740 ಮೀಟರ್. ಅಲ್ಲಿಗೆ ಎಟಿಆರ್ ಸಲೀಸಾಗಿ ಹೋಗಿ ಬರುತ್ತದೆ. ಸಣ್ಣ ಊರುಗಳನ್ನು ವಿಮಾನದಿಂದ ಜೋಡಿಸುವ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ಹಾರಿತು. ಅದೂ ಎಟಿಆರ್ ವಿಮಾನವೇ.

ಜೆಟ್ ಹಾರಿಸಿ ಬಂದವನಿಗೆ ಇದೇನು ಮಹಾ ಎಂಬ ಠೇಂಕಾರದಲ್ಲಿ ನಾನು ತರಬೇತಿಗೆ ಹೋದೆ. ಮೊದಲ ವಾರವೇ ಅದು ಇಳಿಯಿತು. ಸಿಮ್ಯುಲೇಟರ್‌ನಲ್ಲಿ, ವಿಮಾನ ನೆಲ ಬಿಡುವ ಹೊತ್ತಿಗೆ ಶಿಕ್ಷಕರು ಒಂದು ಎಂಜಿನ್ ನಿಲ್ಲಿಸಿದರು. ಜೆಟ್‌ನಲ್ಲೂ ಈ ಅಭ್ಯಾಸ ಮಾಡಿದ್ದೆ. ಆದರೆ ಇಲ್ಲಿ ನಿಂತ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ಅಡ್ಡವಾಗಿ ಹಲಗೆಯಂತೆ ನಿಲ್ಲುತ್ತದೆ. ಅದರ ಎಲೆಗಳನ್ನು ಗಾಳಿಗೆ ಅಂಚು ಮಾಡಿ ತಿರುಗಿಸುವವರೆಗೆ ವಿಮಾನವನ್ನು ಒಂದೇ ಕಡೆಗೆ ಎಳೆಯುತ್ತದೆ. ನನ್ನ ಕಾಲು ತಡವಾಯಿತು. ವಿಮಾನ ಮಗುಚಿತು. ಸಿಮ್ಯುಲೇಟರ್ ಆದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಶಿಕ್ಷಕರು ಬೈಯಲಿಲ್ಲ. "ನಿಮಗೆ ಕಾಲು ಇದೆ ಎನ್ನುವುದನ್ನು ಆ ವಿಮಾನ ಮರೆಸಿದೆ. ಇದು ನೆನಪಿಸುತ್ತದೆ" ಎಂದರು.

ಸಣ್ಣ ವಿಮಾನ ಸುಲಭ ಎಂದುಕೊಳ್ಳುವ ಮಕ್ಕಳಿಗೆ ಒಂದು ಘಟನೆ ಹೇಳುತ್ತೇನೆ. 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಒಂದು ಎಟಿಆರ್ 72 ಮೇಲೇರಿದ ಕೆಲವೇ ನಿಮಿಷಗಳಲ್ಲಿ ನದಿಗೆ ಬಿತ್ತು. 43 ಜನ ಸತ್ತರು. ಒಂದು ಎಂಜಿನ್ ಶಕ್ತಿ ಕಳೆದುಕೊಂಡಾಗ ಗಡಿಬಿಡಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದು ಎಂಜಿನ್ನನ್ನು ಆರಿಸಿಬಿಟ್ಟಿದ್ದರು ಎಂದು ತನಿಖೆ ಹೇಳಿತು. ಎಟಿಆರ್ ಒಂದು ಎಂಜಿನ್ನಿನಲ್ಲಿ ಹಾರಬಲ್ಲದು. ಆದರೆ ಯಾವುದು ನಿಂತಿದೆ ಎಂದು ಸಮಾಧಾನದಿಂದ ನೋಡುವ ಮನುಷ್ಯ ಬೇಕು.

ಆಮೇಲಿನ ವರ್ಷಗಳು ನನ್ನ ನಿಜವಾದ ವಿದ್ಯಾಭ್ಯಾಸ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಕೊಚ್ಚಿ. ದಿನಕ್ಕೆ ನಾಲ್ಕು ಸಲವಾದರೂ ಏರಿ ಇಳಿಯುವ ಕೆಲಸ. ಜೆಟ್‌ಗಳು ಮೋಡದ ಮೇಲೆ ಬಿಸಿಲಿನಲ್ಲಿ ಹೋಗುವಾಗ ನಾವು ಮೋಡದೊಳಗೇ ಇರುತ್ತಿದ್ದೆವು. ಜುಲೈ ತಿಂಗಳಲ್ಲಿ ಘಟ್ಟ ದಾಟಿ ಬಜ್ಪೆಗೆ ಇಳಿಯುವುದೆಂದರೆ, ಹೊರಡುವ ಮೊದಲೇ ಮೂರು ಪ್ರಶ್ನೆಗಳಿಗೆ ಉತ್ತರ ಬೇಕಿತ್ತು: ರನ್‌ವೇ ಕಾಣದಿದ್ದರೆ ಎಲ್ಲಿಗೆ ಹೋಗುವುದು, ಅಲ್ಲಿಗೆ ಹೋಗಲು ಇಂಧನವೆಷ್ಟು, ಎಷ್ಟು ಹೊತ್ತಿನವರೆಗೆ ಕಾಯಬಹುದು. ಒಮ್ಮೆ ಬಜ್ಪೆಯ ಮೇಲೆ ಮಳೆಯ ಪರದೆ ಸರಿಯಲೇ ಇಲ್ಲ. ಒಂದು ಸಲ ಪ್ರಯತ್ನಿಸಿದೆವು, ರನ್‌ವೇ ಕಾಣಲಿಲ್ಲ, ಮೇಲೆದ್ದೆವು. ನನಗೆ ಇನ್ನೊಮ್ಮೆ ನೋಡೋಣ ಎನಿಸಿತು. ಪಕ್ಕದಲ್ಲಿದ್ದ ಹಿರಿಯ ಕ್ಯಾಪ್ಟನ್ ಗಡಿಯಾರ ನೋಡಿ ಬೆಂಗಳೂರಿಗೆ ತಿರುಗಿಸಿದರು. ಹಿಂದೆ ಯಾರೋ ಗೊಣಗಿದರು, ಮದುವೆಗೆ ಹೊರಟವರಿರಬೇಕು. ಇಳಿದ ಮೇಲೆ ಕ್ಯಾಪ್ಟನ್ ಹೇಳಿದರು: "ಅವರ ಮುಹೂರ್ತ ತಪ್ಪಿತು. ಅಷ್ಟೇ ತಪ್ಪಿದ್ದು."

ಲೆಕ್ಕವನ್ನೂ ನೋಡಿ. ಒಂದೊಂದು ಗಂಟೆಯ ಹಾದಿಯಲ್ಲಿ ಸಾವಿರ ಗಂಟೆ ಹಾರಿದರೆ ಸಾವಿರ ಸಲ ಇಳಿದಂತಾಯಿತು. ಬೆಂಗಳೂರು–ದೆಹಲಿಯಂಥ ಎರಡೂವರೆ ಗಂಟೆಯ ಹಾದಿಯಲ್ಲಿ ಅದೇ ಸಾವಿರ ಗಂಟೆಗೆ ನಾನೂರು ಸಲ. ಅದರಲ್ಲೂ ಅರ್ಧ ಕ್ಯಾಪ್ಟನ್ ಪಾಲು. ಮೇಲಾಗಿ ಏರ್‌ಬಸ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ ಇದೆ, ಎಟಿಆರ್‌ನಲ್ಲಿ ಇಲ್ಲ. ವೇಗ ಹೆಚ್ಚು-ಕಡಿಮೆಯಾದರೆ ನಿಮ್ಮ ಕೈಯೇ ಸರಿಪಡಿಸಬೇಕು. ಕೈಗೆ ಅಭ್ಯಾಸ ಹತ್ತುವುದು ಹೀಗೆ.

ಹಾಗೆಂದು ಜೆಟ್ ಸುಲಭ ಎಂದು ನಾನು ಹೇಳಲಾರೆ. ಈಗ ನಾನು ಹಾರಿಸುತ್ತಿರುವುದು ಏರ್‌ಬಸ್ಸನ್ನೇ. ಅದು ನಿಮಿಷಕ್ಕೆ ಹದಿಮೂರು ಕಿಲೋಮೀಟರ್ ಕ್ರಮಿಸುತ್ತದೆ. ಬೆಂಗಳೂರಿನಲ್ಲಿ ಇಳಿಯುವ ಯೋಚನೆ ಇನ್ನೂರು ಕಿಲೋಮೀಟರ್ ದೂರದಲ್ಲಿರುವಾಗಲೇ ಮುಗಿದಿರಬೇಕು. ಎಟಿಆರ್‌ನಲ್ಲಿ ಶಕ್ತಿ ಇಳಿಸಿದರೆ ಪ್ರೊಪೆಲರೇ ವೇಗ ತಡೆಯುತ್ತದೆ. ಜೆಟ್ ಎಣ್ಣೆ ಹಚ್ಚಿದ ಹಾಗೆ ಜಾರುತ್ತಲೇ ಇರುತ್ತದೆ. ಟರ್ಬೋಪ್ರಾಪ್‌ನಿಂದ ಬಂದವರು ಮೊದಲ ತಿಂಗಳುಗಳಲ್ಲಿ ವಿಮಾನದ ಹಿಂದೆ ಓಡುವುದನ್ನು ನಾನು ಕಂಡಿದ್ದೇನೆ. ಅಮೆರಿಕದಲ್ಲಿ 2009ರ ಒಂದು ಟರ್ಬೋಪ್ರಾಪ್ ಅಪಘಾತದ ನಂತರ 2013ರಲ್ಲಿ ನಿಯಮ ಬದಲಾಯಿತು. ಅಲ್ಲಿ ಸಾಮಾನ್ಯವಾಗಿ 1,500 ಗಂಟೆ ಹಾರದವರು ವಿಮಾನ ಕಂಪನಿಯಲ್ಲಿ ಸಹ ಪೈಲಟ್ ಆಗುವಂತಿಲ್ಲ. ನಮ್ಮಲ್ಲಿ 200 ಗಂಟೆಯವರೂ ನೇರ ಜೆಟ್‌ನ ಬಲಗಡೆ ಸೀಟಿಗೆ ಬರುತ್ತಾರೆ. ಚೆನ್ನಾಗಿ ಕಲಿತು ಒಳ್ಳೆಯ ಕ್ಯಾಪ್ಟನ್ ಆದವರು ಅವರಲ್ಲಿ ಎಷ್ಟೋ ಮಂದಿ.

ಹಾಗಾದರೆ ಮೊದಲ ಕೆಲಸಕ್ಕೆ ಯಾವುದು? ದುಡ್ಡಿನ ಮಾತನ್ನು ಮುಚ್ಚಿಡಬಾರದು. ಜೆಟ್‌ನಲ್ಲಿ ಸಾಮಾನ್ಯವಾಗಿ ಸಂಬಳ ಹೆಚ್ಚು. ಪೈಲಟ್ ಪರವಾನಗಿಯಲ್ಲಿ ಯಾವ ಮಾದರಿಯ ವಿಮಾನ ಹಾರಿಸಬಹುದೆಂಬುದು ಪ್ರತ್ಯೇಕವಾಗಿ ದಾಖಲಾಗುತ್ತದೆ. ಏರ್‌ಬಸ್ 320 ಎಂದು ದಾಖಲಾದವನಿಗೆ ದೇಶ ವಿದೇಶಗಳಲ್ಲಿ ಬಾಗಿಲು ಹೆಚ್ಚು. ಎಟಿಆರ್ ಇಟ್ಟುಕೊಂಡ ಕಂಪನಿಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. 2023ರಲ್ಲಿ ಏರ್ ಇಂಡಿಯಾ 470 ಮತ್ತು ಇಂಡಿಗೊ 500 ವಿಮಾನಗಳನ್ನು ಕೊಳ್ಳುವುದಾಗಿ ಪ್ರಕಟಿಸಿದವು. ಅವೆಲ್ಲವೂ ಜೆಟ್‌ಗಳೇ. ನಾಳೆಯ ಸೀಟುಗಳು ಬಹುಪಾಲು ಅಲ್ಲಿಯೇ ಇವೆ. ಆದರೆ ಇದೇ ಸಂಗತಿಯನ್ನು ಇನ್ನೊಂದು ಕಡೆಯಿಂದ ನೋಡಿದರೆ, ಈ ಹೊತ್ತು ಎಟಿಆರ್‌ಗೆ ಹೋದ ಹುಡುಗಿಗೆ ಜೆಟ್ ಕೈತಪ್ಪಿಯೇ ಹೋಯಿತು ಎಂದು ಹೆದರಬೇಕಾಗಿಲ್ಲ.

ಜೆಟ್ ಇದ್ದ ಮಾತ್ರಕ್ಕೆ ಕಂಪನಿ ಗಟ್ಟಿ ಎಂದೂ ಅಲ್ಲ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಹೆತ್ತವರು ವಿಮಾನದ ಮೂತಿ ನೋಡುವ ಮೊದಲು ಒಪ್ಪಂದದ ಕಾಗದ ನೋಡಬೇಕು. ಮಾದರಿ ತರಬೇತಿಯ ಖರ್ಚು ಯಾರದು? ಎಷ್ಟು ವರ್ಷದ ಬಾಂಡು, ಮುರಿದರೆ ಎಷ್ಟು ಕಟ್ಟಬೇಕು? ಮುಂದೆ ಜೆಟ್‌ಗೆ ಕಳಿಸುತ್ತೇವೆ ಎನ್ನುವುದು ಬಾಯಿಮಾತೋ, ಬರಹವೋ? ತಿಂಗಳಿಗೆ ನಿಜವಾಗಿ ಎಷ್ಟು ಗಂಟೆ ಹಾರಿಸುತ್ತಾರೆ? ಕೊನೆಯದನ್ನು ಅಲ್ಲಿ ಆಗಲೇ ಕೆಲಸ ಮಾಡುತ್ತಿರುವವರನ್ನು ಕೇಳಬೇಕು.

ಇನ್ನು ಕಾಯುವ ಮಾತು. ಇದು ನನ್ನ ಸ್ವಂತ ಗಾಯ. ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ. ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮತ್ತೆ ದುಡ್ಡು. ಎಲ್ಲಕ್ಕಿಂತ ಹೆಚ್ಚಾಗಿ ಕೈ ಮರೆಯುತ್ತದೆ. ಹದಿನಾಲ್ಕು ತಿಂಗಳ ನಂತರ ನಾನು ಮತ್ತೆ ವಿಮಾನ ಹತ್ತಿದಾಗ ಇಪ್ಪತ್ತು ನಿಮಿಷ ನೇರ ಹಾರಿಸಲು ಬೆವೆತಿದ್ದೆ. ಆ ಹದಿನಾಲ್ಕು ತಿಂಗಳನ್ನು ಅಪ್ಪ ಟ್ಯೂಷನ್ ಹೇಳಿ ತುಂಬಿದರು. ನನಗೆ ಅದು ಗೊತ್ತಾದದ್ದು ಅವರು ಹೋದ ಮೇಲೆ.

ಇದನ್ನೆಲ್ಲ ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಮುಂದಿನ ವಾರ ಊರಿಗೇ ಹೋದೆ. ಪುಟ್ಟಿ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಳು. "ನಿನಗೇನು ಬೇಕು?" ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಮಾವ, ನನಗೆ ಹಾರಬೇಕು" ಎಂದಳು. "ಜೆಟ್ ಇವತ್ತೇ ಕೊಟ್ಟಿದ್ದರೆ ಜೆಟ್ಟಿಗೇ ಹೋಗ್ತಿದ್ದೆ. ಕೊಡಲಿಲ್ಲ. ಒಂದು ವರ್ಷ ಮನೇಲಿ ಕೂತರೆ ಕಲಿತದ್ದೂ ಹೋಗ್ತದೆ."

ನಾನು ಮೂವತ್ತು ಪದ ಬಳಸಿ ಹೇಳಬೇಕೆಂದಿದ್ದನ್ನು ಅವಳು ಹೇಳಿ ಮುಗಿಸಿದ್ದಳು. ಭಾವ ಮಾತ್ರ ಒಪ್ಪಲಿಲ್ಲ. "ಊರಿನವರಿಗೆ ಏನು ಹೇಳೋದು?" ಎಂದರು.

"2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಮೊದಲ ವಿಮಾನ ಬಂದಾಗ ಸೋಗಾನೆಗೆ ಹೋಗಿ ನೋಡಿ ಬಂದಿರಲ್ಲ ಭಾವ, ಚಪ್ಪಾಳೆ ತಟ್ಟಿದೆ ಅಂತಲೂ ಹೇಳಿದ್ದಿರಿ. ಅದಕ್ಕೆ ಏನಿತ್ತು?"

ಅವರು ನೆನಪು ಮಾಡಿಕೊಂಡರು. ಅಕ್ಕ ಒಳಗಿನಿಂದಲೇ "ಫ್ಯಾನು!" ಎಂದಳು.

ಬಾಂಡಿನ ಕಾಗದವನ್ನು ಮೂವರೂ ಕುಳಿತು ಎರಡು ಸಲ ಓದಿದೆವು. ಅರ್ಥವಾಗದ ಒಂದು ಷರತ್ತನ್ನು ಪೇಟೆಯ ವಕೀಲರಿಗೆ ತೋರಿಸಿದೆವು. ಆಮೇಲೆ ಪುಟ್ಟಿ ಸಹಿ ಹಾಕಿದಳು.

ಈಗ ಅವಳು ಸಿಮ್ಯುಲೇಟರ್ ತರಬೇತಿಯಲ್ಲಿದ್ದಾಳೆ. ಮೊನ್ನೆ ಭಾವ ಮತ್ತೆ ಫೋನು ಮಾಡಿದರು. ಧಾರಣೆಯ ಸುದ್ದಿ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: "ಅಲ್ಲ ಮಾರಾಯ, ಮೇಲೆ ಹೋದಾಗ ಆ ಫ್ಯಾನು ನಿಂತುಬಿಟ್ಟರೆ?"

"ಈ ವಾರ ಅದನ್ನೇ ಕಲಿಸ್ತಿದ್ದಾರೆ ಭಾವ" ಎಂದೆ.